ಎದೆಯ ಗ್ಯಾಸಿನ ಪುಡಿ

ಇಂಡಿ ಪಟ್ಟಣದ ಬಜಾರದಲ್ಲಿ ಜೋಹರಾಬಿ ಅತ್ತಾರ ಅವರ ಗಿಡಮೂಲಿಕೆ ಅಂಗಡಿಗೆ ಬರುವ ಹೆಂಗಸರಲ್ಲಿ ‘ನನಗೆ ದುಃಖವಾಗಿದೆ’ ಎಂದು ಬಾಯಿಬಿಟ್ಟು ಹೇಳಿದವರು ಒಬ್ಬರೂ ಇಲ್ಲ. ಎಲ್ಲರಿಗೂ ಆಗುವುದು ಗ್ಯಾಸ್. ಹೇಳುವಾಗ ಕೈ ಹೊಟ್ಟೆಯ ಮೇಲಿದ್ದರೆ ಅದು ನಿಜವಾದ ಗ್ಯಾಸ್, ಅದಕ್ಕೆ ಅಜವಾನ ಕಟ್ಟಿಕೊಟ್ಟರೆ ಮುಗಿಯಿತು. ಕೈ ಎದೆಯ ಮೇಲಿದ್ದರೆ ಮಾತು ಬೇರೆ. ನಿದ್ದೆ ಬರುವುದಿಲ್ಲ, ರೊಟ್ಟಿ ಬಡಿಯಲು ಕೈ ಏಳುವುದಿಲ್ಲ, ಮಕ್ಕಳು ನಕ್ಕರೂ ಸಿಟ್ಟು ಬರುತ್ತದೆ. ಅಂಥವರನ್ನು ಜೋಹರಾಬಿ ಸ್ಟೂಲಿನ ಮೇಲೆ ಕೂಡಿಸಿ, ನಾಲ್ಕು ಮಾತಾಡಿಸಿ, ಬ್ರಾಹ್ಮಿ, ಅಶ್ವಗಂಧ, ಜಟಾಮಾಂಸಿ ಕುಟ್ಟಿದ ಪುಡಿಯ ಪೊಟ್ಟಣ ಕೈಗಿಡುತ್ತಿದ್ದರು. ದಿನಾ ಬಿಸಿ ಹಾಲಿನಲ್ಲಿ ಒಂದು ಚಮಚ. ಎಷ್ಟೋ ಮಂದಿಗೆ ಅದರಿಂದ ಮನಸ್ಸು ಹಗುರಾಗಿದ್ದೂ ಸುಳ್ಳಲ್ಲ. ಪುಡಿಯಿಂದ ಆಯಿತೋ, ಸ್ಟೂಲಿನ ಮೇಲಿನ ಮಾತಿನಿಂದ ಆಯಿತೋ, ಯಾರು ಕಂಡರು? ಜೋಹರಾಬಿಯವರನ್ನು ಕೇಳಿದರೆ ಪುಡಿಯಿಂದಲೇ ಎನ್ನುತ್ತಿದ್ದರು. ಮೂವತ್ತು ವರ್ಷ ಹಾಗೆ ಹೇಳಿಕೊಂಡು ತಲೆಯೆತ್ತಿ ಬದುಕಿದ ಹೆಂಗಸು ಅವರು.

ತಾಂಬಾದ ಹೊನ್ನವ್ವ ಎರಡು ವರ್ಷದಿಂದ ತಪ್ಪದೆ ಬರುವಾಕೆ. ಕಳೆದ ವರ್ಷ ಒಂದು ದಿನ ಸ್ಟೂಲಿನ ತುದಿಗೆ ಕೂತು ಅಳುಕುತ್ತಲೇ ಕೇಳಿದಳು.

“ಅಕ್ಕಾರ, ನಮ್ಮೂರ ಆಶಾ ಕಾರ್ಯಕರ್ತಿ ಭುವನೇಶ್ವರಿ ಅಂತಾಳ್ರಿ, ದವಾಖಾನ್ಯಾಗ ತೋರಸು, ಇದಕ್ಕೂ ಗುಳಗಿ ಅದಾವ ಅಂತ. ಹೋಗಲೇನ್ರಿ?”

ಜೋಹರಾಬಿಗೆ ಮೈಯೆಲ್ಲ ಉರಿಯಿತು. ತಮ್ಮ ಪುಡಿ ಸಾಲದು ಎಂದು ಯಾವಳೋ ಹೇಳುವುದೆಂದರೇನು!

“ಹೋಗವಾ, ಹೋಗು. ಆ ಗುಳಗಿ ನುಂಗಿದವ್ರು ಹುಚ್ಚರಾಗಿ ಓಣಿ ಓಣಿ ತಿರಗ್ತಾರ. ನೀನೂ ತಿರಗು.”

ಅದು ನಿಜವೋ ಸುಳ್ಳೋ ಅವರಿಗೇ ಗೊತ್ತಿರಲಿಲ್ಲ. ಬಾಯಿಗೆ ಬಂತು, ಅಂದುಬಿಟ್ಟರು. ಹೊನ್ನವ್ವ ದವಾಖಾನೆಗೆ ಹೋಗಲಿಲ್ಲ.

ಈ ವರ್ಷ ಅದೇ ಬೇನೆ ಜೋಹರಾಬಿಯವರನ್ನೇ ಹಿಡಿಯಿತು. ಕಾರಣವೊಂದಿದ್ದಿದ್ದರೆ ನಾಚಿಕೆ ಅರ್ಧ ಕಡಿಮೆಯಾಗುತ್ತಿತ್ತು. ಗಂಡ ಮೀರಾಸಾಬ ಒಂದು ಮಾತು ಜೋರಾಗಿ ಆಡುವವರಲ್ಲ, ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಸುಖವಾಗಿದ್ದಾರೆ, ಉಣ್ಣಲು ಉಡಲು ಕೊರತೆಯಿಲ್ಲ. ಆದರೂ ಬೆಳಿಗ್ಗೆ ಕಣ್ಣು ತೆರೆಯುವುದೇ ಬೇಡವೆನ್ನಿಸುತ್ತಿತ್ತು. ಗಿರಾಕಿ ಮಾತಾಡುತ್ತಿದ್ದರೆ ಇವರು ಗೋಡೆ ನೋಡುತ್ತಿದ್ದರು. ತಮ್ಮ ಪುಡಿಯನ್ನೇ ಒಂದು ಚಮಚ ಕುಡಿದರು, ಎರಡು ಚಮಚ ಕುಡಿದರು, ಮೂರು ತಿಂಗಳು ಕುಡಿದರು. ಊರಿಗೆಲ್ಲ ಕೊಟ್ಟ ಮದ್ದು ತನಗೇ ಹತ್ತಲಿಲ್ಲ ಎಂದು ಯಾರ ಮುಂದೆ ಹೇಳುವುದು? ಗಂಡನಿಗೂ ಹೇಳಲಿಲ್ಲ. ಬೀಗರ ಮನೆಗೆಂದು ಸುಳ್ಳು ಹೇಳಿ ಒಂದು ದಿನ, ಗುರುತಿನವರು ಯಾರೂ ಕಾಣದ ಸಿಂದಗಿಯ ದವಾಖಾನೆಗೆ ಬಸ್ಸು ಹತ್ತಿದರು.

ಅಲ್ಲಿಯ ಡಾಕ್ಟರು ಮೈಸೂರು ಕಡೆಯ ಹುಡುಗಿ. “ಏನಾಗ್ತಿದೆ ಅಮ್ಮಾ?” ಎಂದಳು.

ಜೋಹರಾಬಿ ಎದೆಯ ಮೇಲೆ ಕೈಯಿಟ್ಟು, “ಗ್ಯಾಸ್ ಆಗೇತ್ರಿ” ಎಂದರು.

ಪಾಪ, ಆ ಹುಡುಗಿಗೇನು ಗೊತ್ತು! ಗಾಬರಿಯಾಗಿ ಇಸಿಜಿ ಮಾಡಿಸಿದಳು. ಹೃದಯ ಗಟ್ಟಿಯಾಗಿತ್ತು. ಸಮಾಧಾನದಿಂದ ನಕ್ಕು ಗ್ಯಾಸಿನ ಗುಳಿಗೆಯನ್ನೇ ಬರೆದುಕೊಟ್ಟಳು. ಚೀಟಿ ಹಿಡಿದು ಬಾಗಿಲವರೆಗೆ ಬಂದ ಜೋಹರಾಬಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಕೈ ಎಲ್ಲಿದೆಯೆಂದು ನೋಡಿ ತಿಳಿದುಕೊಳ್ಳುವವರು ಇಲ್ಲಿ ಯಾರೂ ಇರಲಿಲ್ಲ. ಬಾಯಿಬಿಟ್ಟೇ ಹೇಳಬೇಕಿತ್ತು. ತಿರುಗಿ ಒಳಗೆ ಹೋದರು.

“ಗ್ಯಾಸ್ ಅಲ್ರೀ ಡಾಕ್ಟರಬಾಯಿ. ನನಗ... ಸುಮ್ಮಸುಮ್ಮನ ಅಳು ಬರ್ತೈತ್ರಿ. ಯಾಕಾರ ಬದಕೇನಿ ಅನಸ್ತೈತ್ರಿ.”

ಅಷ್ಟು ಹೇಳುವಷ್ಟರಲ್ಲಿ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಗಿತ್ತು. ಡಾಕ್ಟರು ಕುರ್ಚಿ ಹತ್ತಿರ ಎಳೆದು ಬಹಳ ಹೊತ್ತು ಮಾತಾಡಿಸಿದಳು. ಆಮೇಲೆ ಚೀಟಿ ಬದಲಿಸಿ ಬೇರೆ ಗುಳಿಗೆ ಬರೆಯುತ್ತ, “ನಾಟಿ ಔಷಧಿ ಏನಾದ್ರೂ ತಗೊಳ್ತಿದೀರಾ?” ಎಂದಳು.

“ಒಂದ ಪುಡಿ ತಗೋತೇನ್ರಿ.”

“ಯಾರು ಕೊಟ್ಟಿದ್ದು?”

ಜೋಹರಾಬಿ ನೆಲ ನೋಡಿದರು. “ಇಂಡಿ ಬಜಾರದಾಗ ಒಬ್ಬಾಕಿ ಅದಾಳ್ರಿ.”

“ಈ ಮಾತ್ರೆ ಜೊತೆ ಅದು ಬೇಡ, ನಿಲ್ಲಿಸಿ. ಮತ್ತೆ ಆಕೆಗೂ ಒಂದು ಮಾತು ಹೇಳಿ. ಇಂಥವರು ಬಂದರೆ ತಡ ಮಾಡದೆ ಡಾಕ್ಟರ ಹತ್ತಿರ ಕಳಿಸಲಿ.”

“ಹೇಳ್ತೇನ್ರಿ. ಆದ್ರ ಆಕಿ ಭಾಳ ಸೊಕ್ಕಿನಾಕಿ ಅದಾಳ್ರಿ, ಕೇಳೂದಿಲ್ಲ.”

ಬಸ್ಸಿನಲ್ಲಿ ಆ ಮಾತು ನೆನೆದು ಜೋಹರಾಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಗುಳಿಗೆ ಒಂದೇ ದಿನಕ್ಕೆ ಏನೂ ಮಾಡಲಿಲ್ಲ. ತಿಂಗಳು ಕಳೆದ ಮೇಲೆ ನಿದ್ದೆ ಬಂತು, ಎರಡನೆಯ ತಿಂಗಳು ಊಟ ರುಚಿಸತೊಡಗಿತು. ಅಂಗಡಿಯಲ್ಲಿ ಪುಡಿಯ ವ್ಯಾಪಾರ ಮಾತ್ರ ಎಂದಿನಂತೆ ನಡೆದೇ ಇತ್ತು. ಹೀಗಿರುವಾಗ ಹೊನ್ನವ್ವ ಬಂದಳು. ಸೊರಗಿ ಅರ್ಧವಾಗಿದ್ದಳು, ಕುಪ್ಪಸ ತೋಳಿನಲ್ಲಿ ಜೋಲುತ್ತಿತ್ತು.

“ಅಕ್ಕಾರ, ನಿಮ್ಮ ಮಾರಿಗಿ ಕಳಿ ಬಂದೈತಿ ನೋಡ್ರಿ. ನೀವೂ ನಮಗ ಕೊಡೂ ಪುಡೀನ ತಗೋತೀರೇನ್ರಿ?”

“ಹ್ಞೂಂ” ಎಂದರು ಜೋಹರಾಬಿ.

“ಹಂಗಾದ್ರ ನನ್ನ ಮೈಯಾಗ ದೋಷ ಐತಿ ಬಿಡ್ರಿ. ನಿಮಗ ಹತ್ತಿದ್ದು ನನಗ್ಯಾಕ ಹತ್ತವಲ್ಲದು? ಇನ್ನೊಂದೀಟು ಜಾಸ್ತಿ ಕಟ್ರಿ.”

ಜೋಹರಾಬಿ ಕಟ್ಟಿಕೊಟ್ಟರು. ಹೌದು, ಕೈಯಾರೆ ಕಟ್ಟಿಕೊಟ್ಟರು. ಹೊನ್ನವ್ವ ಬಸ್‌ಸ್ಟ್ಯಾಂಡಿನ ಕಡೆ ಕಾಲೆಳೆಯುತ್ತ ಹೋಗುವುದನ್ನು ನೋಡುತ್ತ ನಿಂತರು. ಥೂ, ನನ್ನ ಬಾಳುವೆ ಎಂದು ತಮಗೆ ತಾವೇ ಅಂದುಕೊಂಡರು. ಹೇಳಿದರೆ ಮೂವತ್ತು ವರ್ಷದ ಹೆಸರು ಹೋಗುತ್ತದೆ, ಹೇಳದಿದ್ದರೆ ಈ ಹೆಂಗಸೇ ಹೋಗುತ್ತಾಳೆ. ಅಂಗಡಿಯನ್ನು ಹಾಗೆಯೇ ತೆರೆದಿಟ್ಟು ಓಡಿದರು.

ತಾಂಬಾದ ಬಸ್ಸು ಇನ್ನೂ ಬಂದಿರಲಿಲ್ಲ. ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದರು, ಸಿಂದಗಿ, ಡಾಕ್ಟರು, ಗುಳಿಗೆ, ಎಲ್ಲವನ್ನೂ. “ಹುಚ್ಚರಾಗ್ತಾರ ಅಂದಿದ್ದು ಖೋಟಾ ಮಾತು, ಹೊನ್ನವ್ವ. ನನ್ನ ಸೊಕ್ಕಿನ ಮಾತು ಅದು.”

ಹೊನ್ನವ್ವ ಕೈಯಲ್ಲಿದ್ದ ಪೊಟ್ಟಣವನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಒಂದ ವರ್ಷ ಆತ್ರಿ ಅಕ್ಕಾರ, ನಾ ಹೋಗಲೇನ್ರಿ ಅಂತ ಕೇಳಿ” ಎಂದಳು ಮೆಲ್ಲಗೆ. “ಈಗ ಒಬ್ಬಾಕೀನ ಹೋಗಾಕ ನನಗ ಧೈರ್ಯ ಇಲ್ರಿ. ಇಲ್ಲೇ ಇಂಡಿ ದವಾಖಾನಿಗಿ ಹೋಗೂಣು. ನೀವು ನನ್ನ ಬಾಜೂಕ ಕುಂದರಬೇಕು.”

ಮರುದಿನ ಇಬ್ಬರೂ ಇಂಡಿಯ ದವಾಖಾನೆಯ ಬೆಂಚಿನ ಮೇಲೆ ಕೂತರು. ಸುತ್ತ ಕೂತವರಲ್ಲಿ ಹೆಚ್ಚಿನವರು ಅತ್ತಾರ ಅಂಗಡಿಯ ಗಿರಾಕಿಗಳೇ. ಹತ್ತು ವರ್ಷದಿಂದ ಪುಡಿ ಒಯ್ಯುವ ರೇಣವ್ವ ಎದುರಿನ ಬೆಂಚಿನಿಂದ ಎಲ್ಲರಿಗೂ ಕೇಳುವಂತೆ ಕೂಗಿದಳು.

“ಅಯ್ಯ, ಜೋಹರಾಬಿ ಅಕ್ಕಾರ! ನೀವ್ಯಾಕ ಇಲ್ಲಿಗಿ ಬಂದೀರಿ? ಯಾರಿಗಿ ಆರಾಮಿಲ್ರಿ?”

ಹೊನ್ನವ್ವ ತಲೆ ತಗ್ಗಿಸಿ ಸೆರಗು ಮುಂದಕ್ಕೆ ಎಳೆದುಕೊಂಡಳು. ಜೋಹರಾಬಿ ಆಕೆಯ ಕೈ ಹಿಡಿದುಕೊಂಡರು. ಮುಖವೆಲ್ಲ ಕೆಂಪೇರಿತ್ತು.

“ನನಗ” ಎಂದರು.