‘ಹೂಂ’ ಅಂದ ತಪ್ಪಿಗೆ ಹುಬ್ಬಳ್ಳಿಗೆ

ಗಾಡಿ ಪಂಕ್ಚರ್ ಆಗಬಹುದಿತ್ತು. ನವಲೂರಿನ ನಾಕಾದಲ್ಲಿ ಪೊಲೀಸರು ಮಾತಿಗೆ ಮೊದಲೇ ಲಾಠಿ ಎತ್ತಬಹುದಿತ್ತು. ಪಾಸಿನ ಮೇಲಿನ ಸಿಕ್ಕಾ ಬೆವರಿಗೆ ಅಳಿಸಿ ಹೋಗಬಹುದಿತ್ತು. ಯಾವುದೋ ರಸ್ತೆ ಉಬ್ಬಿಗೆ ಗಾಡಿ ಜಿಗಿದು ಚೀಲದೊಳಗಿನ ಇಂಜೆಕ್ಷನ್ ಬಾಟಲಿ ಒಡೆಯಬಹುದಿತ್ತು. ನನಗೇ ಕೊರೋನಾ ತಗಲಿ, ನನ್ನಿಂದ ಹೆಂಡತಿಗೆ, ಹೆಂಡತಿಯಿಂದ ಮಾವನವರಿಗೆ ದಾಟಿ, ಅವರು ಆಕ್ಸಿಜನ್ ಮಾಸ್ಕಿನೊಳಗಿಂದಲೇ ನನ್ನನ್ನು ಬಯ್ಯಬಹುದಿತ್ತು. ಔಷಧ ಒಗ್ಗದೆ, ನಾವು ಸೂಜಿ ಹಾಕಬೇಕಿದ್ದ ಹುಡುಗಿಗೆ ಉಸಿರು ಕಟ್ಟಬಹುದಿತ್ತು. ಇಷ್ಟನ್ನೂ ಹೊರಡುವ ಮೊದಲು ಚಹಾ ಕುಡಿಯುವಾಗ ಹೆಂಡತಿಗೆ ಒಪ್ಪಿಸಿದೆ. ಬಾಟಲಿ ಸುತ್ತಲು ಒದ್ದೆ ಟಾವೆಲ್ ಕೊಡುತ್ತ ಅವಳು ತನ್ನದೊಂದು ಸೇರಿಸಿದಳು: “ನಮ್ಮ ಅಕ್ಕ ಸೊಲ್ಲಾಪುರದಿಂದ ತಂದಿದ್ದು ಇದು. ಎಲ್ಲಾರ ಮರತು ಬಂದೀರಿ, ಹೊಳ್ಳಿ ತರ್ರಿ.”

ನಾನು ಧಾರವಾಡದ ಆಸ್ಪತ್ರೆಯೊಂದರ ಲೈಂಗಿಕ ರೋಗ ವಿಭಾಗದಲ್ಲಿ ಆಪ್ತಸಮಾಲೋಚಕ. ಜನರ ಬಾಯಲ್ಲಿ ನಮ್ಮದು ‘ಗುಪ್ತರೋಗದ ಖೋಲಿ’. ಕೊರೋನಾ ಬಂದಾಗಿನಿಂದ ನಮ್ಮ ರಜಿಸ್ಟರಿನ ಪುಟಗಳು ಬಿಳಿಯಾಗಿಯೇ ಉಳಿಯುತ್ತಿದ್ದವು. ಮೇಲಿನವರೊಬ್ಬರು ಅದನ್ನು ತಿರುವಿ ನೋಡಿ, “ಛಲೋ ಆತು, ಲಾಕ್‌ಡೌನ್‌ದಾಗ ಮಂದಿ ಶಾಣ್ಯಾ ಆಗ್ಯಾರ. ಕೇಸ್ ಇಳದಾವ” ಎಂದು ಖುಷಿಪಟ್ಟರು. ನನಗೆ ಹೆದರಿಕೆಯಾಯಿತು. ಬಸ್ಸಿಲ್ಲ, ಗಾಡಿ ಇದ್ದವರೂ ಎಲ್ಲಿಗೆ ಹೊರಟೆ ಎಂದು ನಾಕಾದಲ್ಲಿ ಬಾಯಿಬಿಟ್ಟು ಹೇಳಬೇಕು, ನಮ್ಮ ಲ್ಯಾಬಿನ ಇಬ್ಬರನ್ನೂ ಗಂಟಲ ದ್ರವದ ಕೆಲಸಕ್ಕೆ ಒಯ್ದಿದ್ದರು. ಬರುವವರು ಇಳಿದಿದ್ದರು. ರೋಗ ಇಳಿದಿದೆ ಎಂದು ಯಾರು ನೋಡಿ ಬಂದವರು?

ಬಸುರಿ ಹೆಂಗಸರ ರಕ್ತ ಮಾತ್ರ ಹೇಗೋ ಪರೀಕ್ಷೆಗೆ ಬರುತ್ತಿತ್ತು. ಹುಬ್ಬಳ್ಳಿಯ ಒಬ್ಬಳ ರಕ್ತದಲ್ಲಿ ಸಿಫಿಲಿಸ್ ಕಂಡಿತು. ಅವಳನ್ನು ರೇಖಾ ಎನ್ನೋಣ. ಅದು ಅವಳ ಹೆಸರಲ್ಲ. ಏಳು ತಿಂಗಳು ತುಂಬಿತ್ತು. ವಾರಕ್ಕೊಂದರಂತೆ ಮೂರು ಇಂಜೆಕ್ಷನ್ ಆಗಬೇಕು, ಅದೂ ಬೇಗ. ತಡವಾದರೆ ಕೂಸು ಹೊಟ್ಟೆಯಲ್ಲೇ ಹೋಗಬಹುದು, ಇಲ್ಲವೇ ರೋಗ ಹೊತ್ತುಕೊಂಡೇ ಹುಟ್ಟಬಹುದು.

ಫೋನ್ ಮಾಡಿದೆ. ಆ ಮನೆಗೆಲ್ಲ ಒಂದೇ ಫೋನು, ಅತ್ತೆ ಎತ್ತಿದರು. “ರೇಖಾ ಅವರ ರಕ್ತದ ರಿಪೋರ್ಟ್ ಬಂದೈತ್ರಿ, ಅವರ ಕೈಯಾಗ ಫೋನ್ ಕೊಡ್ರಿ” ಅಂದೆ.

“ಪಾಸಿಟಿವ್ ಏನ್ರಿ?”

ಇಪ್ಪತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡೇ ಸಂಬಳ ಎಣಿಸಿದವನು ನಾನು. ಆ ಹೊತ್ತಿಗೆ ಏನು ಬಡಿದಿತ್ತೋ, “ಹೂಂ” ಅಂದುಬಿಟ್ಟೆ. ಆ ಕಡೆಯಿಂದ “ಯವ್ವಾ, ಕರೋನಾ!” ಎಂಬ ಕೂಗು. ಫೋನ್ ಕಟ್. ಆಮೇಲೆ ಎರಡು ದಿನ ಸ್ವಿಚ್ ಆಫ್. ಹೀಗಾಗಿ ಹೋಗದೆ ಗತಿಯಿರಲಿಲ್ಲ.

ಎರಡನೇ ಅಲೆಯ ಮೇ ತಿಂಗಳು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಸಂತೆ, ಸಂಚಾರ. ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ ಆರೂವರೆಗೆ ಟೋಲ್ ನಾಕಾ ದಾಟಿದೆ. ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರ್. ಲಕಮನಹಳ್ಳಿಯ ಕಾರ್ಖಾನೆಗಳ ಮುಂದೆ ಆ ಹೊತ್ತಿಗೆ ಪಾಳಿ ಬದಲಾಗಿ ಸೈಕಲ್ಲುಗಳ ಸಾಲು ಇರುತ್ತಿತ್ತು. ಅಂದು ಗೇಟಿನ ಮುಂದೆ ಒಬ್ಬ ವಾಚ್‌ಮನ್, ಎರಡು ನಾಯಿ. ಅಗಲವಾದ ರಸ್ತೆಯ ತುಂಬ ನಾನೊಬ್ಬನೇ, ಆಗಾಗ ಒಂದು ಆಂಬುಲೆನ್ಸು. ಅದು ಹಿಂದಿನಿಂದ ಕೂಗಿದಾಗಲೆಲ್ಲ ನನ್ನನ್ನೇ ಹುಡುಕಿ ಬಂತೇನೋ ಅನಿಸುತ್ತಿತ್ತು.

ನವಲೂರಿನಲ್ಲಿ ನಿಲ್ಲಿಸಿದರು. “ಚೀಲದಾಗ ಏನೈತ್ರಿ? ಲಸಿಕೆ ಏನು?” ಎಂದ ಕಾನ್‌ಸ್ಟೇಬಲ್.

“ಅಲ್ರಿ, ಬ್ಯಾರೆ ಇಂಜೆಕ್ಷನ್.”

ಪಾಸು ಇಸಿದುಕೊಂಡು ಗಟ್ಟಿಯಾಗಿ ಓದತೊಡಗಿದ. “ಲೈಂಗಿಕ...” ಎನ್ನುವಲ್ಲಿ ನಿಂತ. ಕೊರೋನಾಕ್ಕೆ ಅಂಜಿ ಒಂದು ಮಾರು ದೂರ ಇದ್ದವನು ಈಗ ಎರಡು ಮಾರು ಹಿಂದೆ ಸರಿದ. ಆಮೇಲೆ ಆಚೀಚೆ ನೋಡಿ, ಮಾಸ್ಕ್ ಮೂಗಿನ ಮೇಲೇರಿಸಿ, ಗಾಡಿಯ ಹ್ಯಾಂಡಲ್‌ಗೆ ತಾಗುವಷ್ಟು ಹತ್ತಿರ ಬಂದ.

“ಸರ್, ನಮ್ಮ ದೋಸ್ತ ಒಬ್ಬಾವ ಅದಾನ್ರಿ. ಅವಂಗ ಒಂದೀಟು ಉರಿ ಐತಿ. ನಿಮ್ಮ ಖೋಲಿ ಚಾಲೂ ಐತೇನ್ರಿ?”

“ಐತಿ. ಬಾ ಅನ್ರಿ ಅವಂಗ.”

“ಹೆಸರು ಬರಕೋತೀರೇನು?”

“ಹೊರಗ ಹೋಗೂದಿಲ್ಲ. ಚೀಟಿ ಮ್ಯಾಲ ನಂಬರ್ ಅಷ್ಟ.”

“ಬರಾಕ ಪಾಸ್ ಬೇಕಲ್ರಿ ಮತ್ತ?”

“ನಾಕಾದಾಗ ನೀವ ಇರ್ತೀರಲ್ಲ!” ಅಂದೆ. ಮಾಸ್ಕಿನೊಳಗೆ ನಕ್ಕನೋ ಬೈದನೋ, ಗೊತ್ತಾಗಲಿಲ್ಲ. ಬ್ಯಾರಿಕೇಡ್ ಸರಿಸಿದ.

ಹುಬ್ಬಳ್ಳಿಯ ಹೊಸೂರಿನಲ್ಲಿ ಸಿಸ್ಟರ್ ಸುಮಂಗಲಾ ಕಾಯುತ್ತಿದ್ದರು. ನಾನು ಮಾತಾಡುವವನು, ಸೂಜಿ ಹಾಕುವವರು ಅವರು. ರೇಖಾಳ ಓಣಿಯ ಆರೋಗ್ಯ ಕೇಂದ್ರದ ತುಂಬ ಕೊರೋನಾ ರೋಗಿಗಳಿದ್ದುದರಿಂದ ಮನೆಯಲ್ಲೇ ಹಾಕಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಔಷಧ ಒಗ್ಗದಿದ್ದರೆ ಕೊಡಬೇಕಾದ ಇನ್ನೊಂದು ಔಷಧವೂ ಸಿಸ್ಟರ್ ಕೈಯಲ್ಲಿತ್ತು. ಅದನ್ನು ನಾಲ್ಕು ಸಲ ತೆಗೆಸಿ ನೋಡಿದೆ. “ಸರ್, ನಿಮಗ ಮೊದಲ ಒಂದು ಸೂಜಿ ಹಾಕಲೇನು?” ಅಂದರು.

ಎಂಟಾಗುತ್ತಿತ್ತು. ಬೇರೆ ದಿನ ಕಾಲಿಡಲು ಜಾಗವಿರದ ದುರ್ಗದಬೈಲಿನ ಪೇಟೆಯಲ್ಲಿ ಸುಣ್ಣದ ವೃತ್ತಗಳೊಳಗೆ ಜನ ಚೀಲ ಹಿಡಿದು ನಿಂತಿದ್ದರು. ಹಿಂದಿನ ಓಣಿಯಲ್ಲಿ ಮನೆ. ಮೆಟ್ಟಿಲ ಮೇಲೆ ಅತ್ತೆ, ಸೆರಗಿನಿಂದ ಮೂಗು ಬಾಯಿ ಬಿಗಿದುಕೊಂಡು ಕೂತಿದ್ದರು. ಬಟ್ಟೆ ಅಂಗಡಿಯ ಕೆಲಸ ನಿಂತ ಮಗ, ರೇಖಾಳ ಗಂಡ, ಗೋಡೆಗೆ ಆತು ನಿಂತಿದ್ದ. ರೇಖಾ ಎರಡು ದಿನದಿಂದ ಅಟ್ಟದ ಖೋಲಿಯಲ್ಲಿ. ಹೊರಗಿನಿಂದ ಚಿಲಕ, ಹೊಸ್ತಿಲಲ್ಲಿ ಬಿಸಿಲಿಗೆ ಒಣಗಿದ ರೊಟ್ಟಿಯ ತಾಟು. ನನ್ನ ಒಂದು ‘ಹೂಂ’ ಮಾಡಿದ ಕೆಲಸ.

“ಆಂಬುಲೆನ್ಸ್ ತಂದಿಲ್ಲೇನ್ರಿ ಸಾಹೇಬ್ರ?” ಎಂದರು ಅತ್ತೆ.

ಸಿಸ್ಟರ್ ಮುಂದೆ ಬಂದರು. “ಅವ್ವಾರ, ಇದು ಕರೋನಾ ರಿಪೋರ್ಟ್ ಅಲ್ರಿ. ರಕ್ತದಾಗ ಸ್ವಲ್ಪ ನಂಜು ಐತಿ. ಹಡಿಯೂಕಿಂತ ಮೊದಲ ಮೂರು ಸೂಜಿ ಹಾಕಬೇಕು.”

“ಕರೋನಾ ಅಲ್ಲಾ?”

“ಅಲ್ರಿ.”

ಇನ್ನು ‘ಎಂಥಾ ನಂಜು, ಎಲ್ಲಿಂದ ಬಂತು’ ಎನ್ನುತ್ತಾರೆ ಎಂದು ಕಾದೆ. ದಾರಿಯುದ್ದಕ್ಕೂ ಏಳು ಉತ್ತರ ತಯಾರು ಮಾಡಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಆಕೆ ಸೆರಗು ಬಿಚ್ಚಿ, ಎದುರು ಮನೆಗೆ ಕೇಳುವಂತೆ, “ಏ ಶಾಂತಕ್ಕ, ನಮ್ಮ ಸೊಸಿಗೆ ಕರೋನಾ ಅಲ್ಲಂತ!” ಎಂದು ಕೂಗಿದರು. ಓಡಿ ಹೋಗಿ ಚಿಲಕ ತೆಗೆದರು. ಆ ವರ್ಷ ನಮ್ಮಲ್ಲಿ ಕೊರೋನಾ ಅಲ್ಲದ್ದು ರೋಗವೇ ಅಲ್ಲ. ನಮ್ಮ ರಜಿಸ್ಟರ್ ಯಾಕೆ ಬಿಳಿಯಾಗಿತ್ತು ಎಂಬುದು ನನಗೆ ಆ ಮೆಟ್ಟಿಲ ಮೇಲೆ ಚೆನ್ನಾಗಿ ತಿಳಿಯಿತು.

ಬಾಗಿಲು ಮುಂದೆ ಮಾಡಿಕೊಂಡು ನಾವಿಬ್ಬರೂ ರೇಖಾಳಿಗೆ ಇದ್ದದ್ದು ಇದ್ದಂತೆ ಹೇಳಿದೆವು. ಅವಳು ಅಳಲಿಲ್ಲ. “ಕೂಸಿಗೆ?” ಎಂದಳು.

“ಮೂರೂ ಸೂಜಿ ತಪ್ಪಸಬ್ಯಾಡವ್ವಾ. ಭಾಳ ಮಟ್ಟಿಗೆ ಏನೂ ಆಗೂದಿಲ್ಲ.”

“ಅತ್ತಿಯವ್ರಿಗೆ ಗೊತ್ತಾಗ್ತೈತೇನ್ರಿ?”

“ನಮ್ಮ ಬಾಯಿಂದ ಇಲ್ಲ” ಅಂದೆ. ‘ಹೂಂ’ ಅಂದ ಬಾಯಿಯೂ ಅದೇ.

“ನಮ್ಮ ಮನಿಯವ್ರಿಗೆ ನೀವ ಹೇಳ್ರಿ. ನನಗ ಆಗೂದಿಲ್ಲ.”

ಸಿಸ್ಟರ್ ಮೊದಲು ಮುಂಗೈಗೆ ಒಂದು ಹನಿ ಚುಚ್ಚಿ, ಅರ್ಧ ತಾಸು ನೋಡಬೇಕು ಎಂದರು. ಆ ಅರ್ಧ ತಾಸು ಗಂಡನೊಂದಿಗೆ ಮಾಳಿಗೆಯ ಮೂಲೆಯಲ್ಲಿ ಕೂತೆ. ಒಳಗೆ ಅವಳು ಕೆಮ್ಮಿದರೂ ನಾನು ಏಳುತ್ತಿದ್ದೆ. ಎಲ್ಲ ಕೇಳಿದ ಮೇಲೆ ಅವನು ದನಿ ತಗ್ಗಿಸಿದ. “ಇದು ನನ್ನಿಂದ ಬಂತೋ, ಆಕಿಯಿಂದೋ?”

“ಅದನ್ನ ಹೇಳೂ ಮಷೀನ್ ನಮ್ಮ ಕಡೆ ಇಲ್ರಿ. ಹೆಂಗ ಹೋಗ್ತೈತಿ ಅಂತ ಅಷ್ಟ ಗೊತ್ತು. ಇಬ್ರೂ ಸೂಜಿ ತಗೊಂಡ್ರ ಹೋಗ್ತೈತಿ.”

ಅವನು ಎದ್ದು ನಿಂತ. “ನಂಗೂ ಇವತ್ತ ಹಾಕ್ರಿ.” ಇನ್ನೊಂದು ಬಾಟಲಿ ಚೀಲದಲ್ಲಿತ್ತು, ಚಿಂತೆ ಮಾಡುವವನಿಗೆ ಒಮ್ಮೊಮ್ಮೆ ಲಾಭವೂ ಉಂಟು.

ಮುಂಗೈ ಊದಲಿಲ್ಲ. ಸಿಸ್ಟರ್ ಬಾಗಿಲು ಹಾಕಿಕೊಂಡರು. ಈ ಔಷಧ ಗಂಜಿಯಂತೆ ದಪ್ಪ. ಗಟ್ಟಿ ಗಂಡಸರೂ ಚೀರಿದ್ದನ್ನು ಕೇಳಿದ್ದೇನೆ. ಕಿವಿ ಕೊಟ್ಟು ನಿಂತೆ. ಒಳಗಿನಿಂದ ಒಂದು ಸಪ್ಪಳವೂ ಬರಲಿಲ್ಲ. ಕೆಳಗೆ ಅತ್ತೆ ಚಹಾಕ್ಕೆ ಶುಂಠಿ ಜಜ್ಜುವುದು ಮಾತ್ರ ಕೇಳುತ್ತಿತ್ತು. ಸಪ್ಪಳವಿಲ್ಲದ್ದಕ್ಕೇ ನನಗೆ ಅಂಜಿಕೆ ಹೆಚ್ಚಾಯಿತು. ಕೊನೆಗೆ ಸಿಸ್ಟರ್ ಹೊರಬಂದು, “ಆತು ಸರ್. ಆರಾಮ ಅದಾಳ” ಎಂದರು. ಗಂಡನದೂ ರಕ್ತ ತೆಗೆದು, ಅದೇ ರೀತಿ ಮುಂಗೈ ನೋಡಿ, ಸೂಜಿ ಹಾಕಿ ಹೊರಟಾಗ ಹತ್ತಕ್ಕೆ ಹತ್ತು ನಿಮಿಷವಿತ್ತು.

ಹೊಸೂರಿನಲ್ಲಿ ಸಿಸ್ಟರನ್ನು ಇಳಿಸಿದಾಗ ಚೀಲ ಹಗುರಾಗಿದೆ ಅನಿಸಿ ತಡವಿ ನೋಡಿದೆ. “ಸಿಸ್ಟರ್, ಟಾವೆಲ್?”

“ಹುಡುಗಿ ಅದನ್ನ ಬಾಯಾಗ ಕಚ್ಚಿ ಹಿಡಕೊಂಡಿದ್ಲು ಸರ್, ಕೆಳಗ ಅತ್ತಿಗೆ ಕೇಳಬಾರದಂತ. ಹೊಳ್ಳಿ ಕೇಳಾಕ ಮನಸ್ಸಾಗ್ಲಿಲ್ಲ. ಇನ್ನೂ ಎರಡು ಸೂಜಿ ಅದಾವಲ್ಲ.”

ನವಲೂರಿನಲ್ಲಿ ಅದೇ ಕಾನ್‌ಸ್ಟೇಬಲ್. ಪಾಸು ಕೇಳಲಿಲ್ಲ. ಎತ್ತಲೋ ನೋಡುತ್ತ, “ದೋಸ್ತ ನಾಳೆ ಬರ್ತಾನಂತ್ರಿ” ಎಂದ.

ಮನೆಯ ಅಂಗಳದಲ್ಲೇ ಬಟ್ಟೆ ನೆನೆಹಾಕಿ ಸ್ನಾನ ಮಾಡಿಸಿ ಒಳಗೆ ಬಿಟ್ಟಳು ಹೆಂಡತಿ. “ಎಲ್ಲಾ ಸುಸೂತ್ರ ಆತೇನ್ರಿ?”

“ಆತು. ಟಾವೆಲ್ ಒಂದು ಮರತು ಬಂದೆ.”