ಗೋಲು ಕಾಯುವವನನ್ನು ಬಿಟ್ಟುಕೊಟ್ಟ ವರ್ಷ

ಅರವತ್ತರ ದಶಕದಲ್ಲಿ ಕೊಳ್ಳೇಗಾಲದ ನಮ್ಮ ಫುಟ್‌ಬಾಲ್ ತಂಡಕ್ಕೆ ಆಟಗಾರರನ್ನು ಆರಿಸುವಾಗ ನಮ್ಮ ಬೀದಿಯ ದರ್ಜಿ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು ಕೂರುತ್ತಿದ್ದರು. "ಮೊದ್ಲು ಗೋಲು ಕಾಯೋನ್ನ ಇಡ್ಕಳ್ರಲಾ, ಒದೆಯೋರು ಆಮ್ಯಾಕೆ" ಅನ್ನುವುದೊಂದೇ ಅವರ ಮಾತು. ನಾವು ಕೇಳಲಿಲ್ಲ. ಬದಲಿಗೆ ಚುರುಕಾಗಿ ಓಡುವವನೊಬ್ಬ ಸಿಗುತ್ತಾನೆಂದು ನಮ್ಮ ಗೋಲ್‌ಕೀಪರನ್ನು ಪಕ್ಕದ ಮಾಂಬಳ್ಳಿಯ ತಂಡದವರಿಗೆ ಬಿಟ್ಟುಕೊಟ್ಟೆವು. ಆಮೇಲೆ ಸಂಜೆಯ ಅಭ್ಯಾಸಕ್ಕೆ ಬಂದಾಗಲೆಲ್ಲ ದರ್ಜಿ ಗೋಲುಕಂಬಗಳ ನಡುವೆಯೇ ನೋಡುತ್ತ, ಟೇಪನ್ನು ಬೆರಳಿಗೆ ಸುತ್ತುತ್ತ ಕೂರುತ್ತಿದ್ದರು.

ಮಾಂಬಳ್ಳಿಯವರೊಂದಿಗಿನ ಪಂದ್ಯದಲ್ಲಿ ನಮ್ಮ ಹೊಸಬ ಒದ್ದ ಕೊನೆಯ ಚೆಂಡನ್ನು ಅದೇ ಹಳೆಯ ಗೋಲ್‌ಕೀಪರ್ ಹಾರಿ ಹಿಡಿದ. ನಾವು ಸೋತೆವು. ನಮ್ಮ ಕಡೆಯಲ್ಲಿ ಚಪ್ಪಾಳೆ ತಟ್ಟಿದವರು ದರ್ಜಿಯೊಬ್ಬರೇ.

"ಯಾರ ಕಡೆ ಅಣ್ಣೋ ನೀನು? ಮಾಂಬಳ್ಳಿಗೇ ಓಗ್ಬುಡು!" ಎಂದು ನಾನು ರೇಗಿದೆ.

ಅವರ ಕಣ್ಣು ಚೆಂಡು ಹಿಡಿದ ಆ ಹುಡುಗನ ಮೇಲಿಂದ ಕದಲಲಿಲ್ಲ. "ನಮ್ಮುಡುಗ ಕಣ್ಲಾ ಅವ್ನು. ಬುಟ್ಕೊಟ್ಟೋರು ನೀವು, ನಾನಲ್ಲ."