ಬಾಯಿ ಕೂಡದ ಹಕ್ಕಿ

ಗೌರಕ್ಕನನ್ನು ಅಪ್ಪನ ಅನುಮಾನದಿಂದ ಉಳಿಸಲು ನನ್ನ ಒಂದು ಮಾತು ಸಾಕಿತ್ತು. ಅದನ್ನು ನಾನು ಆಡಲಿಲ್ಲ. ಗದ್ದೆಗೆ ಹೊಸ ನೀರು ಬಿಟ್ಟಾಗ ಏಳುವ ಕೆಸರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ಸೂಳೆಕೆರೆಯ ಕಾಲುವೆ ಪಕ್ಕದ ನಮ್ಮ ಹೆಂಚಿನ ಮನೆ, ಹೊಸ್ತಿಲ ಮೇಲೆ ಕೂತು ನಮ್ಮಿಬ್ಬರು ಹೆಣ್ಣುಮಕ್ಕಳ ಪಾದ ಎತ್ತಿಸಿ ಕೆಸರು ಹುಡುಕುತ್ತಿದ್ದ ಅಪ್ಪ, ಎಲ್ಲಾ ಕಣ್ಣ ಮುಂದೆ ಬರುತ್ತವೆ. ಆ ಮನೆ ಈಗಿಲ್ಲ. ಅಪ್ಪನೂ ಇಲ್ಲ, ಅವ್ವನೂ ಇಲ್ಲ.

ಅಪ್ಪನಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಭತ್ತದ ಸಸಿಮಡಿ ಹಾಕಿದ ಮೇಲೆ ದಿನಾ ಬದುವಿನ ಹಸಿ ಮಣ್ಣನ್ನು ಅಂಗೈಯಿಂದ ನುಣ್ಣಗೆ ಸವರಿ ಬರುತ್ತಿದ್ದ. ಮರುದಿನ ಅದರ ಮೇಲೆ ಯಾರ ಹೆಜ್ಜೆ ಮೂಡಿದೆ ಎಂದು ನೋಡುತ್ತಿದ್ದ. ಕದ್ದು ನೀರು ತಿರುಗಿಸಿಕೊಳ್ಳುವ ಪಕ್ಕದ ಗದ್ದೆಯವರನ್ನು ಹಿಡಿಯಲೆಂದು ಶುರುವಾದ ಅಭ್ಯಾಸ, ಕಡೆಗೆ ಮನೆಯವರ ಮೇಲೇ ತಿರುಗಿತು. ಸಸಿಮಡಿ ಕಾಯುವುದು ಅಕ್ಕನ ಕೆಲಸ. ನಾನು ಶಾಲೆಗೆ ಹೋಗಬೇಕಿತ್ತು.

ಒಂದು ಸಂಜೆ ನೋಡಿದರೆ ಸಸಿಯೆಲ್ಲ ತುಳಿತಕ್ಕೆ ಸಿಕ್ಕಿ ಮಲಗಿತ್ತು. ಬದುವಿನ ಮೇಲೆ ಬಸವನಹುಳುವಿನ ಖಾಲಿ ಚಿಪ್ಪುಗಳು, ಪಕ್ಕದಲ್ಲೇ ಮಕ್ಕಳ ಹೆಜ್ಜೆ.

"ಚಿಪ್ಪಿನಾಟ ಆಡಾಕೆ ನಿಂಗೆ ಸಸಿಮಡೀನೇ ಬೇಕಾಗಿತ್ತೇನೇ?" ಅಂದ ಅಪ್ಪ, ಅಕ್ಕನಿಗೆ.

"ನಾನಲ್ಲಪ್ಪ. ಎಮ್ಮೆಗೆ ನೀರು ಕುಡಿಸಿ ಬರೋ ಹೊತ್ತಿಗೆ ದೊಡ್ಡ ಹಕ್ಕಿ ಇಳಿದಿತ್ತು. ಬೆಳ್ಳಕ್ಕಿ ಅಲ್ಲ. ಕೊಕ್ಕು ಮುಚ್ಚಿದ್ರೂ ನಡುವೆ ಸಂದು ಐತೆ, ಆಚೆ ಬೆಳಕು ಕಾಣತೈತೆ."

"ಬಾಯಿ ಮುಚ್ಚಾಕೆ ಬರದಿರೋದು ಹಕ್ಕಿಗಲ್ಲ, ನಿಂಗೆ!"

ಅಪ್ಪ ಅವಳ ಪಾದವನ್ನು ಆ ಹೆಜ್ಜೆಯ ಮೇಲೆ ಇಡಿಸಿದ. ಸರಿಯಾಗಿ ಕೂತಿತು. ಕೂರದೆ ಏನು? ನಮ್ಮಿಬ್ಬರ ಪಾದವೂ ಒಂದೇ ಅಳತೆ, ಒಂದೇ ಜೊತೆ ಚಪ್ಪಲಿಯನ್ನು ಸರದಿಯಲ್ಲಿ ಮೆಟ್ಟುತ್ತಿದ್ದೆವು. ಹೆಜ್ಜೆ ನನ್ನದು. ಶಾಲೆ ತಪ್ಪಿಸಿ ಕಾಲುವೆ ಏರಿಯ ಮರೆಯಲ್ಲಿ ಕೂತಿದ್ದವಳು ಹಕ್ಕಿ ನೋಡಲು ಬದುವಿಗೆ ಇಳಿದಿದ್ದೆ. ಬೂದುಬಿಳಿ ಮೈ, ಕಪ್ಪು ರೆಕ್ಕೆ. ಸಸಿಯನ್ನೆಲ್ಲ ತುಳಿದಾಡುತ್ತಾ ಚಿಪ್ಪಿನೊಳಗಿಂದ ಹುಳು ಎಳೆದು ನುಂಗುತ್ತಿತ್ತು. ಹೇಳಿದರೆ ನನ್ನ ಗುಟ್ಟು ಬಯಲಾಗುತ್ತಿತ್ತು. ಅಕ್ಕ ಒಮ್ಮೆ ನನ್ನತ್ತ ನೋಡಿದಳು. ನಾನು ನೆಲ ನೋಡಿದೆ.

ಅಂದಿನಿಂದ ಅವಳು 'ಹಕ್ಕಿ ಗೌರಿ'. ಡಬ್ಬಿಯಲ್ಲಿ ಬೆಲ್ಲ ಕಮ್ಮಿಯಾದರೂ ಅಪ್ಪ "ಹಕ್ಕಿ ಬಂದಿತ್ತೇನೋ" ಎಂದು ಅವಳ ಮುಖವನ್ನೇ ನೋಡುತ್ತಿದ್ದ. ಆ ಹಕ್ಕಿ ಇನ್ನೊಮ್ಮೆ ಇಳಿಯಲಿ ಎಂದು ಅಕ್ಕ ಎಷ್ಟೋ ಮಳೆಗಾಲ ಕಾದಳು. ಬರಲಿಲ್ಲ. ಅವಳು ಮದುವೆಯಾಗಿ ಜಗಳೂರಿನ ಕಡೆ ಹೋದಳು. ಅಲ್ಲಿ ಕಾಯಲು ಕೆಸರುಗದ್ದೆಯೇ ಇಲ್ಲ. ಅಪ್ಪ ಕೊನೆಯವರೆಗೂ ಅವಳನ್ನು ನಂಬಲಿಲ್ಲ. ಶಾಲೆಯೂ ನನಗೆ ಹತ್ತಲಿಲ್ಲ, ಆರನೆಯದಕ್ಕೇ ಬಿಟ್ಟೆ.

ಹೋದ ತಿಂಗಳು ಕೆರೆ ಏರಿಯ ಮೇಲೆ ಹಕ್ಕಿ ನೋಡಲು ಬಂದಿದ್ದ ಮೇಷ್ಟ್ರೊಬ್ಬರು ನನ್ನ ಕೈಗೆ ದುರ್ಬೀನು ಕೊಟ್ಟರು. "ನೋಡ್ರಿ, ಬಾಯಿಕಳಕ ಕೊಕ್ಕರೆ. ಇಲ್ಲೇ ಇರೋದಲ್ಲ. ಬಸವನಹುಳು ಸಿಕ್ಕೋ ಕಡೆ ಯಾವಾಗಾದ್ರೂ ಬಂದು ಹೋಗತೈತೆ." ಮುಚ್ಚಿದ ಕೊಕ್ಕಿನ ಸಂದಿನಲ್ಲಿ ಕೆರೆಯ ನೀರು ಹೊಳೆಯುತ್ತಿತ್ತು.

ಮರುದಿನವೇ ಜಗಳೂರಿನ ಬಸ್ಸು ಹತ್ತಿದೆ. ಅಕ್ಕ ಜಗಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಬಾ ಅನ್ನುವ ಮೊದಲೇ ಅವಳ ಕಣ್ಣು ನನ್ನ ಪಾದದ ಮೇಲೆ ಬಿತ್ತು, ಥೇಟ್ ಅಪ್ಪನ ಹಾಗೆ. ಇವಳಿಗೆ ಅಂದೇ ಗೊತ್ತಿತ್ತೇ? ಇಷ್ಟು ವರ್ಷ ಕೊರೆದ ಆ ಅನುಮಾನ ಮತ್ತೆ ಎದ್ದಿತು. ಚಪ್ಪಲಿ ಬಿಟ್ಟು ಅವಳ ಪಕ್ಕ ಕೂತೆ.

"ಅಕ್ಕಾ, ಆ ಹಕ್ಕಿ ನಾನೂ ನೋಡಿದ್ದೆ. ಬದುವಿನ ಮೇಲಿದ್ದ ಹೆಜ್ಜೆ ನಂದು. ತಪ್ಪಾತಕ್ಕಾ."